ಕಾರ್ಯನಿರ್ವಾಹದಲ್ಲಿ ಪ್ರಮಾಣವೂ ಪರಿಷ್ಕಾರವೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)



ಮಹೋತ್ಸವಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಮುಗಿದ ಕೆಲಸಗಳು. ಎದ್ದುನಿಂತ ಮಂಟಪವನ್ನೂ, ಮಕ್ಕಳು ಉಂಡು ಓದುವ ಪ್ರಸಾದನಿಲಯವನ್ನೂ, ನೀರು ತುಂಬಿದ ಬಾವಿಯನ್ನೂ ಕಂಡು ಜನರು ಸಂತೋಷಪಡುವುದು ಸಹಜವೇ ಸರಿ. ಆದರೆ ಆ ಕೆಲಸವು ಹೇಗೆ ನಡೆಯಿತು, ಎಲ್ಲಿ ನಿಂತಿತು, ನಿಂತುದು ಮತ್ತೆ ಹೇಗೆ ಸಾಗಿತು ಎಂಬುದನ್ನು ವಿಚಾರಿಸುವವರು ವಿರಳ. ಇತ್ತ ಕೂಡ್ಲಿಗಿಯಿಂದ ಅತ್ತ ಹಡಗಲಿಯವರೆಗೆ ಯಾವ ಊರಿಗೆ ಹೋದರೂ, ಕಂಬಗಳೆದ್ದು ಚಾವಣಿಯಿಲ್ಲದೆ ನಿಂತ ಸಮುದಾಯಭವನವೊಂದೋ, ಕೊಳವೆ ಹೂಳಿದ್ದರೂ ನೀರು ಬಾರದ ನಲ್ಲಿಯೊಂದೋ ಕಾಣಸಿಗುವುದುಂಟು. ಅವುಗಳ ಹಿಂದೆ ದುಡ್ಡಿಲ್ಲದ ಕಾರಣವು ಕೆಲವು ಕಡೆ ಇರಬಹುದು. ಭಕ್ತಿಯಿಲ್ಲದ ಕಾರಣವಂತೂ ಅಲ್ಲ. ಕೆಲಸವನ್ನು ನಡೆಸುವ ಕ್ರಮವನ್ನು ಅರಿಯದೆ ತೊಡಗಿದುದೇ ಬಹುತೇಕ ಕಡೆಗಳಲ್ಲಿ ಕಾರಣವಾಗಿರುತ್ತದೆ. ಆದುದರಿಂದ ಕಾರ್ಯನಿರ್ವಾಹವೆಂಬ ವಿಷಯವನ್ನು ಈ ದಿನ ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ವಿಷಯದಲ್ಲಿ ಇಂದು ಲೋಕದಲ್ಲಿ ಎರಡು ಪಕ್ಷಗಳಿವೆ. ಕೆಲಸಕ್ಕೆ ಮೊದಲೇ ಅಳತೆ, ಕಾಲ, ವೆಚ್ಚ, ಹೊಣೆ ಇವೆಲ್ಲವನ್ನೂ ಗೊತ್ತುಮಾಡಿಕೊಂಡು, ಗೊತ್ತುಮಾಡಿದಂತೆಯೇ ನಡೆಯತಕ್ಕದ್ದೆಂಬುದು ಒಂದು ಪಕ್ಷ. ಎಲ್ಲವನ್ನೂ ಮೊದಲೇ ಅರಿಯಲು ಯಾರಿಂದಲೂ ಆಗದು. ಸ್ವಲ್ಪ ಮಾಡಿ, ಮಾಡಿದುದನ್ನು ಬಳಸುವವರಿಗೆ ತೋರಿಸಿ, ಅವರು ಹೇಳಿದಂತೆ ತಿದ್ದಿ, ಮತ್ತೆ ಸ್ವಲ್ಪ ಮಾಡತಕ್ಕದ್ದೆಂಬುದು ಎರಡನೆಯ ಪಕ್ಷ. ಮೊದಲನೆಯದನ್ನು ಪ್ರಮಾಣಕ್ರಮವೆಂದೂ, ಎರಡನೆಯದನ್ನು ಆವೃತ್ತಿಕ್ರಮ ಅಥವಾ ಪರಿಷ್ಕಾರಕ್ರಮವೆಂದೂ ಇಲ್ಲಿ ಕರೆಯೋಣ. ಇವೆರಡರೊಳಗೆ ಯಾವುದು ಗ್ರಾಹ್ಯ, ಯಾವುದು ಎಲ್ಲಿ ಗ್ರಾಹ್ಯ ಎಂಬುದೇ ವಿಚಾರ್ಯ.

ಮೊದಲು ಪ್ರಮಾಣಪಕ್ಷವನ್ನು ನೋಡೋಣ. ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಅನುಬಂಧಚತುಷ್ಟಯವು ಪರಿಚಿತವಾದುದೆ. ಗ್ರಂಥವನ್ನು ಆರಂಭಿಸುವವನು ಅದರ ವಿಷಯವೇನು, ಪ್ರಯೋಜನವೇನು, ಅದಕ್ಕೆ ಅಧಿಕಾರಿ ಯಾರು, ಇವುಗಳಿಗೆ ಪರಸ್ಪರ ಸಂಬಂಧವೇನು ಎಂಬ ನಾಲ್ಕನ್ನು ಮೊದಲು ಹೇಳತಕ್ಕದ್ದು. ಹೇಳದಿದ್ದರೆ ಬುದ್ಧಿವಂತನಾದ ಓದುಗನು ಪ್ರವೃತ್ತನಾಗುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಕಾರ್ಯನಿರ್ವಾಹವನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅಮೆರಿಕದಲ್ಲಿ ೧೯೬೯ರಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಹುಟ್ಟಿತು. ಅದು ೧೯೯೬ರಲ್ಲಿ ಈ ವಿದ್ಯೆಯ ಮಾರ್ಗದರ್ಶಿ ಗ್ರಂಥವನ್ನು ಪ್ರಕಟಿಸಿತು. ಜಗತ್ತಿನ ನಾನಾ ವಸ್ತುಗಳಿಗೆ ಅಳತೆಗಳನ್ನು ಗೊತ್ತುಮಾಡುವ ಐಎಸ್‌ಓ ಸಂಸ್ಥೆಯು ೨೦೧೨ರಲ್ಲಿ ೨೧೫೦೦ ಎಂಬ ಸಂಖ್ಯೆಯ ಮಾನಕವನ್ನು ಇದೇ ವಿಷಯದಲ್ಲಿ ಹೊರಡಿಸಿತು. ಇವುಗಳ ಸಾರವು ಇಷ್ಟು: ಕೆಲಸವನ್ನು ತೊಡಗಲು ಅಧಿಕಾರವಿತ್ತವರು ಯಾರೆಂಬುದು ಬರಹದಲ್ಲಿರಬೇಕು, ಕೆಲಸದ ವ್ಯಾಪ್ತಿ ಎಲ್ಲಿಂದ ಎಲ್ಲಿಗೆ ಎಂಬುದು ಸ್ಪಷ್ಟವಾಗಿರಬೇಕು, ಕಾಲ, ವೆಚ್ಚ, ಗುಣ ಇವುಗಳ ಎಣಿಕೆಯಾಗಬೇಕು, ಬರಬಹುದಾದ ಅಪಾಯಗಳನ್ನು ಮೊದಲೇ ಪಟ್ಟಿಮಾಡಬೇಕು, ಕೆಲಸದಿಂದ ಒಳಿತಾಗಲಿ ಕೆಡುಕಾಗಲಿ ಯಾರಿಗೆಲ್ಲ ತಟ್ಟುವುದೋ ಅವರೆಲ್ಲರನ್ನೂ ಗುರುತಿಸಬೇಕು, ನಡೆಯುತ್ತಿರುವುದನ್ನು ಎಣಿಕೆಯೊಡನೆ ಆಗಾಗ್ಗೆ ಹೋಲಿಸಬೇಕು, ಮುಗಿದ ಮೇಲೆ ವಿಧಿಪೂರ್ವಕವಾಗಿ ಒಪ್ಪಿಸಬೇಕು. ಮನೆಯನ್ನು ಕಟ್ಟಿಸಿದ ಯಜಮಾನನಿಗೆ ಇವುಗಳಲ್ಲಿ ಯಾವುದೊಂದೂ ಹೊಸದಲ್ಲ. ಆದರೆ ಮನೆಯ ಯಜಮಾನನ ತಲೆಯೊಳಗಿದ್ದುದು ಹತ್ತು ಜನರು ಸೇರಿ ಮಾಡುವ ಕೆಲಸದಲ್ಲಿ ಕಾಗದದ ಮೇಲೆ ಬಾರದಿದ್ದರೆ, ಹತ್ತು ತಲೆಗಳಲ್ಲಿ ಹತ್ತು ಬಗೆಯಾಗಿ ಉಳಿಯುತ್ತದೆ.

ಇನ್ನು ಪರಿಷ್ಕಾರಪಕ್ಷ. ಇದು ಹೆಚ್ಚಾಗಿ ಬೆಳೆದುದು ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು ಬರೆಯುವವರಲ್ಲಿ. ಅವರು ಮಾಡುವ ವಸ್ತುವು ಕಲ್ಲಿನಂತೆ ಕಣ್ಣಿಗೆ ಕಾಣತಕ್ಕದ್ದಲ್ಲ. ಬೇಕೆಂದವನಿಗೂ ತನಗೆ ಬೇಕಾದುದೇನೆಂಬುದು ಬಳಸಿ ನೋಡುವತನಕ ಪೂರ್ತಿ ತಿಳಿಯದು. ವಿನ್‌ಸ್ಟನ್ ರಾಯ್ಸ್ ಎಂಬವರು ೧೯೭೦ರ ಒಂದು ಲೇಖನದಲ್ಲಿ ಅಂತಹ ಕೆಲಸದ ಹಂತಗಳನ್ನು ಒಂದರ ಕೆಳಗೊಂದು ಇಳಿಯುವ ಮೆಟ್ಟಿಲುಗಳಂತೆ ಚಿತ್ರಿಸಿದರು. ಅಷ್ಟೇ ಅಲ್ಲ, ಪರೀಕ್ಷೆಯು ಕಟ್ಟಕಡೆಗೆ ಬರುವ ಕಾರಣ ಬರಿದೆ ಹೀಗೆಯೇ ಇಳಿದುಹೋಗುವುದು ಅಪಾಯಕರವೆಂದು ಅದೇ ಲೇಖನದಲ್ಲಿ ಎಚ್ಚರಿಸಿದರು. ಆದರೂ ಅನೇಕರು ಚಿತ್ರವನ್ನು ಹಿಡಿದುಕೊಂಡು ಎಚ್ಚರಿಕೆಯನ್ನು ಬಿಟ್ಟರು. ೨೦೦೧ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಈ ವೃತ್ತಿಯ ೧೭ ಮಂದಿ ಕಲೆತು, ಬದಲಾವಣೆಗೆ ಎಡೆಗೊಡುವ ಕ್ರಮವೇ ಮೇಲೆಂದು ಒಂದು ಘೋಷಣೆಯನ್ನು ಹೊರಡಿಸಿದರು. ಈ ಪಕ್ಷದವರು ಕೆಲಸವನ್ನು ಒಂದು ತಿಂಗಳಿಗೆ ಮೀರದ ಸಣ್ಣ ಸಣ್ಣ ಅವಧಿಗಳಾಗಿ ಒಡೆಯುತ್ತಾರೆ. ಪ್ರತಿ ಅವಧಿಯ ಕೊನೆಗೆ ಬಳಸಲು ಯೋಗ್ಯವಾದ ಏನಾದರೊಂದು ಸಿದ್ಧವಾಗಿರಬೇಕು. ಅದನ್ನು ನೋಡಿದವರ ಮಾತನ್ನು ಕೇಳಿ ಮುಂದಿನ ಅವಧಿಯ ಕೆಲಸವನ್ನು ಗೊತ್ತುಮಾಡಬೇಕು. ಈ ವಿಚಾರದ ಬೇರು ಇನ್ನೂ ಹಳೆಯದು. ವಾಲ್ಟರ್ ಶೂಹಾರ್ಟ್ ಎಂಬ ವಿದ್ವಾಂಸರು ಕಾರ್ಖಾನೆಗಳ ವಿಷಯದಲ್ಲಿ ನಿಗದಿ, ತಯಾರಿಕೆ, ಪರೀಕ್ಷೆ ಈ ಮೂರೂ ಚಕ್ರದಂತೆ ತಿರುಗಬೇಕೆಂದು ೧೯೩೯ರ ಗ್ರಂಥದಲ್ಲಿ ತಿಳಿಸಿದ್ದರು. ಅವರ ಮಾರ್ಗದಲ್ಲಿ ನಡೆದ ಡೆಮಿಂಗ್ ಎಂಬವರು ೧೯೫೦ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಉದ್ಯಮಿಗಳಿಗೆ ಗುಣಪರೀಕ್ಷೆಯ ವಿಷಯವಾಗಿ ಉಪನ್ಯಾಸಗಳನ್ನಿತ್ತರು.

ಈ ಕ್ರಮವೂ ನಮ್ಮವರಿಗೆ ಅಪರಿಚಿತವಲ್ಲ. ವ್ಯಾಕರಣಶಾಸ್ತ್ರದಲ್ಲಿ ಪಾಣಿನಿಯ ಸೂತ್ರಗಳ ಮೇಲೆ ಕಾತ್ಯಾಯನನ ವಾರ್ತಿಕ, ಅವೆರಡರ ಮೇಲೆ ಪತಂಜಲಿಯ ಭಾಷ್ಯ. ಹೇಳಿದುದು ಸರಿಯೇ, ಹೇಳದೆ ಬಿಟ್ಟುದೇನು, ತಪ್ಪಾಗಿ ಹೇಳಿದುದೇನು ಎಂದು ವಿಚಾರಿಸುವುದೇ ವಾರ್ತಿಕದ ಲಕ್ಷಣ. ಮೂವರಲ್ಲಿ ಹಿಂದಿನವರಿಗಿಂತ ಮುಂದಿನವರ ಮಾತಿಗೆ ಹೆಚ್ಚಿನ ಪ್ರಾಮಾಣ್ಯವನ್ನು ವೈಯಾಕರಣರು ಕೊಟ್ಟಿರುವರು. ಹೀಗೆ ಕೊಟ್ಟುದರಿಂದ ಸೂತ್ರಕಾರನ ಗೌರವವೇನೂ ಕುಂದಲಿಲ್ಲ. ಕನ್ನಡದಲ್ಲಿ ಶೂನ್ಯಸಂಪಾದನೆಯನ್ನು ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿದುದನ್ನು ಹಲಗೆಯಾರ್ಯರೂ, ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ, ಗೂಳೂರು ಸಿದ್ಧವೀರಣ್ಣೊಡೆಯರೂ ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಸಿದ್ಧರಾಮೇಶ್ವರರ ದೀಕ್ಷಾಪ್ರಸಂಗವು ಮೊದಲಿನ ಸಂಪಾದನೆಯಲ್ಲಿ ಇರದೆ ಅನಂತರದ ಪರಿಷ್ಕಾರದಲ್ಲಿ ಸೇರಿತು. ಒಂದೇ ಗ್ರಂಥವು ನಾಲ್ಕು ಕೈಗಳಲ್ಲಿ ನಾಲ್ಕು ಬಾರಿ ಸಿದ್ಧವಾಯಿತು. ಪ್ರತಿ ಬಾರಿಯೂ ಅದು ಓದಲು ಯೋಗ್ಯವಾದ ಪೂರ್ಣ ಗ್ರಂಥವೇ ಆಗಿದ್ದಿತು, ಅರ್ಧ ಕಟ್ಟಿದ ಗೋಡೆಯಾಗಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡತಕ್ಕದ್ದು. ಮುಂದೆ ಪ್ರಯೋಜನಕ್ಕೆ ಬರುವುದು.

ಹೀಗೆ ಎರಡು ಪಕ್ಷಗಳಿಗೂ ಹಿರಿಯರ ಆಧಾರವುಂಟೆಂದಮೇಲೆ ಬರಿಯ ತರ್ಕದಿಂದ ತೀರ್ಮಾನವಾಗದು. ಈ ಸೀಮೆಯವರ ಕಣ್ಣೆದುರಿನಲ್ಲಿ ನಡೆದ ಸಂಗತಿಗಳನ್ನೇ ಸಾಕ್ಷಿಯಾಗಿ ಕರೆಯುವುದು ಲೇಸು.

ಮೊದಲನೆಯ ಸಾಕ್ಷಿಯು ತುಂಗಭದ್ರಾ ಅಣೆಕಟ್ಟು. ಹೊಸಪೇಟೆಯ ಬಳಿಯ ಮಲ್ಲಾಪುರದಲ್ಲಿ ೧೯೪೫ನೆಯ ಫೆಬ್ರವರಿ ೨೮ರಂದು ಇದಕ್ಕೆ ಅಡಿಗಲ್ಲನ್ನಿಟ್ಟರು. ನದಿಯ ಒಂದು ದಡದಲ್ಲಿ ಮದರಾಸು ಸರಕಾರ, ಇನ್ನೊಂದು ದಡದಲ್ಲಿ ಹೈದರಾಬಾದಿನ ನಿಜಾಮರ ಸರಕಾರ. ಎರಡು ಆಡಳಿತಗಳು ಎರಡು ಕಡೆಯಿಂದ ಕಟ್ಟಿಕೊಂಡು ಬಂದ ಕಲ್ಲು-ಗಾರೆಯ ಗೋಡೆಯು ನಡುವೆ ಕೂಡಬೇಕಾಗಿದ್ದಿತು. ಇಂತಹ ಕೆಲಸದಲ್ಲಿ ಸ್ವಲ್ಪ ಕಟ್ಟಿ, ನೀರು ನಿಲ್ಲಿಸಿ ನೋಡಿ, ಸರಿಬೀಳದಿದ್ದರೆ ತಿದ್ದೋಣವೆಂಬ ಮಾತಿಗೆ ಎಡೆಯೇ ಇಲ್ಲ. ಅಡಿಪಾಯವೆಷ್ಟು ಆಳ, ಗೋಡೆಯೆಷ್ಟು ದಪ್ಪ, ಪ್ರವಾಹ ಬಂದರೆ ಹೊರಬಿಡತಕ್ಕ ದಾರಿಯೆಷ್ಟು ಅಗಲ ಎಂಬುದೆಲ್ಲ ಮೊದಲೇ ಗೊತ್ತಾಗಬೇಕು. ಹಾಗೆ ಗೊತ್ತಾದುದರಿಂದಲೇ ನಡುವೆ ರಾಜ್ಯಗಳು ಅಳಿದು ದೇಶವು ಸ್ವತಂತ್ರವಾದರೂ ಕೆಲಸವು ಕೈಬಿಟ್ಟುಹೋಗದೆ, ೧೯೫೩ರಲ್ಲಿ ಕಾಲುವೆಗೆ ನೀರು ಹರಿಯಿತು. ಇದು ಪ್ರಮಾಣಕ್ರಮದ ಗೆಲವು. ಆ ಗೆಲವಿನ ಬೆಲೆಯನ್ನು ತೆತ್ತವರನ್ನೂ ಮರೆಯಲಾಗದು. ನಾರಾಯಣದೇವರಕೆರೆಯಂತಹ ತುಂಬಿದ ಊರು ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿಯವರು ಮರಿಯಮ್ಮನಹಳ್ಳಿ ಮೊದಲಾದ ಕಡೆಗಳಲ್ಲಿ ಹೊಸದಾಗಿ ಒಲೆ ಹೂಡಿದರು. ಕೆಲಸವು ಯಾರಿಗೆಲ್ಲ ತಟ್ಟುವುದೋ ಅವರನ್ನು ಗುರುತಿಸಬೇಕೆಂದು ಮಾನಕಗಳು ಹೇಳುವ ಮಾತಿನ ಭಾರವು ಆ ಮನೆಗಳ ಹಿರಿಯರಿಗೆ ಯಾವ ಗ್ರಂಥವೂ ಕಲಿಸಬೇಕಾಗಿರಲಿಲ್ಲ.

ಆದರೆ ಸಾಕ್ಷಿಯು ಇಲ್ಲಿಗೆ ಮುಗಿಯಲಿಲ್ಲ. ಆರಂಭದಲ್ಲಿ ಸುಮಾರು ೧೩೩ ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು ೧೦೫ ಟಿಎಂಸಿಗೆ ಇಳಿದಿದೆ. ಕಟ್ಟಿದ ದಿನದ ಅಳತೆಯು ಎಂದೆಂದಿಗೂ ನಿಲ್ಲತಕ್ಕ ಅಳತೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಅಣೆಕಟ್ಟಿಗೆ ೩೩ ಕ್ರಸ್ಟ್ ಗೇಟುಗಳು, ಒಂದೊಂದೂ ೬೦ ಅಡಿ ಅಗಲ, ೨೦ ಅಡಿ ಎತ್ತರ, ಸರಪಳಿಗಳಿಂದ ತೂಗುಬಿದ್ದವು. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ, ಜಲಾಶಯವು ತುಂಬಿ ನಿಂತಿದ್ದಾಗ, ೧೯ನೆಯ ಗೇಟಿನ ಸರಪಳಿಯು ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು. ಆ ಒಂದು ಬಾಯಿಯಿಂದಲೇ ಸುಮಾರು ೩೫ ಸಾವಿರ ಕ್ಯುಸೆಕ್ ನೀರು ಹೊರನುಗ್ಗಿತು. ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನಾಲೆಯನ್ನು ನಂಬಿ ಭತ್ತ ನಾಟಿದ ಮೂರು ರಾಜ್ಯಗಳ ರೈತರು, ತಮ್ಮ ವರ್ಷದ ಅನ್ನವು ಹೊಳೆಯ ಪಾಲಾಗುವುದನ್ನು ದಡದಲ್ಲಿ ನಿಂತು ನೋಡಿದರು.

ಮುರಿದ ಗೇಟಿನ ಬಾಯಿಗೆ ಅಡ್ಡಲಾಗಿ ಇಳಿಸಲು ಸಿದ್ಧವಾದ ಬದಲಿ ಹಲಗೆ ಅಲ್ಲಿರಲಿಲ್ಲ, ಹೊಸದಾಗಿ ಮಾಡಿಸಬೇಕಾಯಿತು. ನೀರನ್ನೆಲ್ಲ ಗೇಟಿನ ಬುಡದವರೆಗೆ ಹೊರಬಿಟ್ಟು, ಬಾಯಿ ಬತ್ತಿದ ಮೇಲೆ ದುರಸ್ತಿ ಮಾಡುವುದು ನಿರಪಾಯವಾದ ದಾರಿ. ಹಾಗೆ ಮಾಡಿದರೆ ಜಲಾಶಯದ ಅರ್ಧಕ್ಕೂ ಹೆಚ್ಚು ನೀರು ಹೋಗಿಬಿಡುತ್ತಿದ್ದಿತು. ಗೇಟುಗಳ ಕೆಲಸದಲ್ಲಿ ಬಹುಕಾಲ ಪಳಗಿದ ನಿವೃತ್ತ ಎಂಜಿನಿಯರರಾದ ಕನ್ನಯ್ಯ ನಾಯ್ಡು ಅವರ ಸಲಹೆಯಂತೆ ಬೇರೊಂದು ದಾರಿಯನ್ನು ಹಿಡಿದರು. ಇಡೀ ಗೇಟನ್ನು ಒಂದೇ ಸಲಕ್ಕೆ ಇಳಿಸದೆ, ಅದೇ ಅಗಲದ ಐದು ಉಕ್ಕಿನ ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನೊಳಗೇ ಒಂದರ ಮೇಲೊಂದನ್ನು ಕೂರಿಸಲು ನಿಶ್ಚಯಿಸಿದರು. ಇದಕ್ಕೆ ಸ್ಟಾಪ್‌ಲಾಗ್ ಎಂದು ಹೆಸರು. ಆಗಸ್ಟ್ ೧೬ರ ಸಂಜೆ ಮೊದಲನೆಯ ತುಂಡು ಕೂತಿತು. ಮರುದಿನ ಉಳಿದವು ಕೂತವು. ಸುಮಾರು ೭೦ ಟಿಎಂಸಿ ನೀರು ಉಳಿಯಿತು. ಅನಂತರದ ಮಳೆಯಿಂದ ಜಲಾಶಯವು ಮತ್ತೆ ತುಂಬಿತು.

ಈ ಒಂದು ವಾರದ ಸಂಗತಿಯಲ್ಲಿ ಎರಡು ಪಕ್ಷಗಳಿಗೂ ಪಾಠವುಂಟು. ಪರಿಷ್ಕಾರಪಕ್ಷದವರು, ತುಂಡುತುಂಡಾಗಿ ಮಾಡಿದುದರಿಂದ ಕೆಲಸವಾಯಿತೆಂದು ಹೇಳಿಯಾರು. ದಿಟವೇ. ಮೊದಲನೆಯ ತುಂಡು ಕೂತೊಡನೆ ಅಷ್ಟು ಎತ್ತರದ ನೀರು ನಿಂತಿತು. ಅದು ಕೂತ ಬಗೆಯನ್ನು ಕಂಡು ಎರಡನೆಯದನ್ನು ಇಳಿಸಲು ಧೈರ್ಯವಾಯಿತು. ನಡುವೆ ತೊಡಕು ಬಂದಿದ್ದರೆ ಕೆಡುವುದು ಒಂದು ತುಂಡೇ ಹೊರತು ಇಡೀ ಗೇಟಲ್ಲ. ಆದರೆ ಆ ತುಂಡಿನ ಉದ್ದವು ಬಾಯಿಯ ಅಗಲಕ್ಕೆ ತಕ್ಕುದಾಗಿರದಿದ್ದರೆ, ಉಕ್ಕಿನ ದಪ್ಪವು ನೀರಿನ ಒತ್ತಡಕ್ಕೆ ಸಾಲದಿದ್ದರೆ, ಎಷ್ಟು ಆವೃತ್ತಿಗಳನ್ನು ಮಾಡಿದ್ದರೂ ವ್ಯರ್ಥವಾಗುತ್ತಿದ್ದಿತು. ಎಪ್ಪತ್ತು ವರ್ಷಗಳ ಹಿಂದಿನ ನಕಾಶೆಯ ಅಳತೆಯೇ ಈ ಹೊಸ ಹಲಗೆಗೂ ಆಧಾರ. ಇನ್ನು ಪ್ರಮಾಣಪಕ್ಷದವರಿಗೆ ಸಿಕ್ಕುವ ಪಾಠವು ಕಟುವಾದುದು. ಕಟ್ಟುವಾಗ ಇಟ್ಟ ಜಾಗ್ರತೆಯನ್ನು ಕಟ್ಟಿದ ಮೇಲೆಯೂ ಇಡಬೇಕು. ಸರಪಳಿಯ ಪ್ರತಿ ಕೊಂಡಿಗೂ ಆಯುಷ್ಯವುಂಟು. ಅದನ್ನು ವರ್ಷವರ್ಷವೂ ನೋಡಿ ಬದಲಿಸುವುದೂ, ಕೆಟ್ಟರೆ ಇಳಿಸಲು ಬದಲಿಯನ್ನು ಸಿದ್ಧವಾಗಿಡುವುದೂ ಯೋಜನೆಯ ಒಂದು ಅಂಗವೇ. ಮುಂದೆ ತಜ್ಞರ ಸಮಿತಿಯು ೩೩ ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. ೨೦೨೫ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ ಸುಮಾರು ೮೦ ಟಿಎಂಸಿಗೆ ಮಿತಿಯಿಟ್ಟರು. ಒಂದು ಸರಪಳಿಯನ್ನು ಕಾಲಕ್ಕೆ ಬದಲಿಸುವ ವೆಚ್ಚವನ್ನೂ, ತುಂಬದೆ ಬಿಟ್ಟ ಆ ನೀರಿನ ಬೆಲೆಯನ್ನೂ ರೈತನು ತಾನೇ ತೂಗಿ ನೋಡಬಲ್ಲನು.

ಎರಡನೆಯ ಸಾಕ್ಷಿಯು ಕೊಟ್ಟೂರಿನದು. ಮಾಘ ಬಹುಳದಲ್ಲಿ ನಡೆಯುವ ಶ್ರೀ ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ದೂರದೂರದ ಊರುಗಳಿಂದ ಜನರು ಕಾಲ್ನಡಿಗೆಯಲ್ಲಿ ಬರುವುದು ಎಲ್ಲರಿಗೂ ತಿಳಿದ ಮಾತು. ೨೦೧೭ನೆಯ ಫೆಬ್ರವರಿ ೨೧ರಂದು ಆ ಮಹಾರಥವು ಸಾಗುತ್ತಿದ್ದಂತೆಯೇ ಉರುಳಿತು, ಹಲವರು ಗಾಯಗೊಂಡರು. ಅಚ್ಚು ಮುರಿದುದೇ ಕಾರಣವೆಂದು ಅಂದಿನ ವರದಿಗಳು ತಿಳಿಸಿದವು. ಅನಂತರ ಹೊಸ ರಥವು ನಿರ್ಮಾಣವಾಯಿತು. ಅಂದಿನ ಮುಸ್ಸಂಜೆಯನ್ನು ಕಂಡವರ ಎದೆಯಲ್ಲಿ ಆ ಸದ್ದು ಇನ್ನೂ ಉಳಿದಿರುವುದು. ಅದನ್ನು ಕೆದಕುವುದು ಇಲ್ಲಿಯ ಉದ್ದೇಶವಲ್ಲ. ರಥವನ್ನು ನಡೆಸುವ ಬಗೆಯಲ್ಲಿಯೇ ಪ್ರಕೃತವಿಷಯದ ತಿರುಳು ಅಡಗಿರುವುದರಿಂದ ಅದನ್ನು ನೋಡತಕ್ಕದ್ದು.

ತೇರನ್ನು ಎಳೆಯುವುದು ಸಾವಿರ ಕೈಗಳಾದರೂ, ಅದನ್ನು ದಾರಿಯ ಮೇಲಿಡುವವರು ಗಾಲಿಯ ಬಳಿ ನಡೆಯುವ ಕೆಲವೇ ಮಂದಿ. ಅವರು ಸನ್ನೆಯ ಮರವನ್ನು ಗಾಲಿಗೆ ಕೊಡುತ್ತ, ತೆಗೆಯುತ್ತ, ಮತ್ತೆ ಕೊಡುತ್ತ ಹೋಗುತ್ತಾರೆ. ತೇರು ನಾಲ್ಕು ಮಾರು ಸಾಗಿತೋ ಇಲ್ಲವೋ, ಅದು ಯಾವ ಕಡೆಗೆ ವಾಲಿತೆಂದು ನೋಡಿ ಎಡದ ಗಾಲಿಗೋ ಬಲದ ಗಾಲಿಗೋ ಸನ್ನೆ ಬೀಳುತ್ತದೆ. ಇಡೀ ಬೀದಿಯ ನಡೆಯನ್ನು ಬೆಳಿಗ್ಗೆಯೇ ಕಾಗದದ ಮೇಲೆ ಬರೆದಿಡಲು ಯಾರಿಂದಲೂ ಆಗದು. ಗಾಳಿ, ನೆಲದ ತಗ್ಗು, ಮಿಣಿ ಹಿಡಿದವರ ಉತ್ಸಾಹ ಇವೆಲ್ಲ ಕ್ಷಣಕ್ಷಣಕ್ಕೂ ಬೇರೆ. ಇದು ಪರಿಷ್ಕಾರಕ್ರಮದ ಉತ್ತಮ ನಿದರ್ಶನ. ಆದರೆ ಅದೇ ತೇರಿನ ಅಚ್ಚಿನ ಮಾತು ಬಂದಾಗ ಈ ಕ್ರಮವು ಕೂಡದು. ಅಚ್ಚು ಭಾರವನ್ನು ತಾಳುವುದೋ ಇಲ್ಲವೋ ಎಂಬುದನ್ನು ಜನರ ನಡುವೆ ಎಳೆದು ನೋಡಿ ಕಲಿಯತಕ್ಕದ್ದಲ್ಲ. ಮರದ ಜಾತಿ, ಅದರ ವಯಸ್ಸು, ಕಬ್ಬಿಣದ ಪಟ್ಟಿಯ ಬಿಗಿ, ಮೇಲಿನ ಭಾರ ಇವುಗಳ ಲೆಕ್ಕವು ತೇರು ಹೊರಡುವ ಮೊದಲೇ ಮುಗಿದಿರಬೇಕು. ಎಳೆದು ನೋಡಲೇಬೇಕಾದರೆ ಜನರಿಲ್ಲದ ದಿನ ನೋಡಬೇಕು. ಸನ್ನೆ ಕೊಡುವವನ ಜಾಣ್ಮೆಯು ಮುರಿಯುವ ಅಚ್ಚನ್ನು ಉಳಿಸಲಾರದು. ಅಚ್ಚಿನ ಗಟ್ಟಿತನವು ಸನ್ನೆ ಕೊಡುವವನಿಲ್ಲದ ತೇರನ್ನು ಬೀದಿಯ ಮೇಲೆ ನಿಲ್ಲಿಸಲಾರದು.

ಮೂರನೆಯ ಸಾಕ್ಷಿಯಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬಹುದು. ಹಗರಿಬೊಮ್ಮನಹಳ್ಳಿಯ ಬಳಿ ಮಾಲವಿ ಜಲಾಶಯವನ್ನು ಕಟ್ಟಿದರು. ಕಟ್ಟೆಯೂ ಆಯಿತು, ಕಾಲುವೆಯೂ ಆಯಿತು. ಆದರೆ ಎಷ್ಟೋ ವರ್ಷಗಳು ಹಳ್ಳದಲ್ಲಿ ಸಾಕಷ್ಟು ನೀರು ಬಾರದೆ ಜಲಾಶಯವು ಬರಿದಾಗಿ ಬಿದ್ದಿತು. ಕಟ್ಟಡದ ಲೆಕ್ಕದಲ್ಲಿ ಕೆಲಸವು ಮುಗಿದಿದ್ದಿತು. ಒಕ್ಕಲಿಗನ ಲೆಕ್ಕದಲ್ಲಿ ತೊಡಗಿಯೇ ಇರಲಿಲ್ಲ. ಬಹುಕಾಲದ ಮೊರೆಯ ಅನಂತರ, ತುಂಗಭದ್ರೆಯ ನೀರನ್ನು ರಾಜವಾಳದ ಕಡೆಯಿಂದ ಎತ್ತಿ ತಂದು ಅದನ್ನು ತುಂಬಿಸುವ ಏರ್ಪಾಡಾಯಿತು. ಕೊಟ್ಟೂರಿನಿಂದ ಹರಪನಹಳ್ಳಿಯ ಮೇಲೆ ಹರಿಹರಕ್ಕೆ ಹೋಗುವ ಸುಮಾರು ೬೫ ಕಿಲೋಮೀಟರಿನ ರೈಲುದಾರಿಯದೂ ಇಂತಹುದೇ ಕಥೆ. ಕಳೆದ ಶತಮಾನದ ಕೊನೆಯ ದಶಕದ ಯೋಜನೆ ಅದು. ಹಳಿಗಳು ಬಿದ್ದ ಮೇಲೂ ಪ್ರಯಾಣಿಕರ ಗಾಡಿಯು ಓಡಾಡಲು ವರ್ಷಗಳೇ ಹಿಡಿದು, ೨೦೧೯ರ ಅಕ್ಟೋಬರಿನಲ್ಲಿ ಹೊಸಪೇಟೆ-ಹರಿಹರ ಗಾಡಿಯು ಹೊರಟಿತು. ಹರಪನಹಳ್ಳಿಯ ನಿಲ್ದಾಣದ ಕಲ್ಲುಬೆಂಚಿಗೆ ಹಳಿಯ ನೋಟವು ಸಿಕ್ಕಿದ ಎಷ್ಟೋ ದಿನಗಳ ಅನಂತರ ಅದರ ಮೇಲೆ ಕೂರುವ ಪ್ರಯಾಣಿಕನು ಸಿಕ್ಕನು.

ಈ ಎರಡೂ ಸಂಗತಿಗಳಲ್ಲಿ ಒಂದೇ ಮಾತು ಕಾಣಬರುತ್ತದೆ. ಕಟ್ಟಡವು ಬೇರೆ, ಪ್ರಯೋಜನವು ಬೇರೆ. ಅನುಬಂಧಚತುಷ್ಟಯದಲ್ಲಿ ವಿಷಯವನ್ನೂ ಪ್ರಯೋಜನವನ್ನೂ ಪ್ರತ್ಯೇಕವಾಗಿ ಎಣಿಸಿದುದು ಸುಮ್ಮನೆಯಲ್ಲ. ಕಟ್ಟೆಯು ವಿಷಯ, ಹೊಲಕ್ಕೆ ಹರಿದ ನೀರು ಪ್ರಯೋಜನ. ಹಳಿಯು ವಿಷಯ, ಸಂತೆಗೆ ಹೋದ ತಾಯಿಯು ಹೊತ್ತು ಮುಳುಗುವ ಮೊದಲು ಮನೆ ಸೇರುವುದು ಪ್ರಯೋಜನ. ವಿಷಯವು ಪೂರ್ತಿಯಾದುದನ್ನು ಅಳತೆಗೋಲು ಹೇಳಬಲ್ಲುದು. ಪ್ರಯೋಜನವು ಸಿದ್ಧಿಸಿತೆಂಬುದನ್ನು ಅಧಿಕಾರಿಯೇ, ಎಂದರೆ ಅದನ್ನು ಬಳಸುವವನೇ ಹೇಳಬೇಕು. ಪರಿಷ್ಕಾರಪಕ್ಷದವರು ಪ್ರತಿ ಅವಧಿಯ ಕೊನೆಗೂ ಬಳಸುವವನನ್ನು ಕರೆದು ತೋರಿಸಿರೆಂದು ಒತ್ತಾಯಪಡಿಸುವ ಗುಟ್ಟು ಇದೇ. ಶೂನ್ಯಸಂಪಾದನೆಯ ವಿಷಯದಲ್ಲಿ ಹೇಳಿದ ಮಾತೂ ಇಲ್ಲಿಗೆ ಹೊಂದುತ್ತದೆ. ಪ್ರತಿ ಪರಿಷ್ಕಾರವೂ ಓದಲು ಯೋಗ್ಯವಾದ ಗ್ರಂಥವಾಗಿದ್ದಂತೆ, ಪ್ರತಿ ಹಂತವೂ ಉಪಯೋಗಕ್ಕೆ ಬರುವಂತಿರಬೇಕು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಮೇಲಿಂದ ಮೇಲೆ ತಿದ್ದುವುದಕ್ಕೆ ಅವಕಾಶವಿತ್ತರೆ ಕೆಲಸವು ಎಂದಿಗೂ ಮುಗಿಯದು. ಒಬ್ಬರು ಹೇಳಿದಂತೆ ಕಟ್ಟಿದುದನ್ನು ಇನ್ನೊಬ್ಬರು ಕೆಡವಿಸುವರು. ಗೊತ್ತುಗುರಿಯಿಲ್ಲದ ಚಪಲಕ್ಕೆ ಪರಿಷ್ಕಾರವೆಂಬ ಹೆಸರು ಬರುವುದು. ಈ ಆಕ್ಷೇಪವು ನಿರಾಧಾರವಲ್ಲ. ಹಾಗೆ ಕೆಟ್ಟ ಕೆಲಸಗಳೂ ಉಂಟು. ಆದರೆ ವಾರ್ತಿಕಕಾರನು ಸೂತ್ರವನ್ನು ಅಳಿಸಿ ತನಗೆ ತೋರಿದುದನ್ನು ಬರೆಯಲಿಲ್ಲ. ಸೂತ್ರವನ್ನು ಹಾಗೆಯೇ ಇಟ್ಟು, ಎಲ್ಲಿ ಎಷ್ಟು ಸೇರಬೇಕೋ ಅಷ್ಟನ್ನು ಕಾರಣಸಹಿತವಾಗಿ ಸೇರಿಸಿದನು. ಮೂಲವೂ ಉಳಿಯಿತು, ತಿದ್ದುಪಡಿಯೂ ಉಳಿಯಿತು, ತಿದ್ದಿದ ಕಾರಣವೂ ಉಳಿಯಿತು. ಬದಲಾವಣೆಯಾದಾಗಲೆಲ್ಲ ಯಾರು, ಎಂದು, ಏತಕ್ಕೆ ಬದಲಿಸಿದರೆಂಬುದನ್ನು ಬರೆದಿಡಬೇಕೆಂದು ಮಾನಕಗಳೂ ವಿಧಿಸುತ್ತವೆ. ಹಾಗೆ ಬರೆದಿಟ್ಟರೆ ಚಪಲಕ್ಕೆ ಎಡೆ ಕಡಿಮೆ. ಕಾರಣವನ್ನು ಬರೆಯಲು ಕೈ ಬಾರದವನು ಬದಲಾವಣೆಯನ್ನೂ ಕೇಳಲಾರನು. ಎರಡು ಪಕ್ಷದವರೂ ಈಚೆಗೆ ಒಬ್ಬರನ್ನೊಬ್ಬರು ಸಮೀಪಿಸುತ್ತಿರುವುದು ಸಂತೋಷದ ಸಂಗತಿ. ಮೇಲೆ ಹೇಳಿದ ಅಮೆರಿಕದ ಮಾರ್ಗದರ್ಶಿ ಗ್ರಂಥವೇ ೨೦೨೧ರ ಏಳನೆಯ ಪರಿಷ್ಕರಣದಲ್ಲಿ ವಿಧಿಗಳ ಉದ್ದನೆಯ ಪಟ್ಟಿಯನ್ನು ಹಿಂದಿಟ್ಟು ತತ್ತ್ವಗಳನ್ನು ಮುಂದಿಟ್ಟಿತು. ಕೆಲಸದ ಸ್ವಭಾವಕ್ಕೆ ತಕ್ಕಂತೆ ಕ್ರಮವನ್ನು ಆರಿಸಿಕೊಳ್ಳಿರೆಂದು ಬೋಧಿಸಿತು. ಪ್ರಮಾಣಗ್ರಂಥವೂ ಪರಿಷ್ಕಾರಕ್ಕೆ ಒಳಗಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಯಾವುದು ಒಮ್ಮೆ ತಪ್ಪಿದರೆ ಹಿಂದಿರುಗಿಸಲಾಗದೋ, ಯಾವುದರ ತಪ್ಪಿನಿಂದ ಜೀವಕ್ಕೂ ಅನ್ನಕ್ಕೂ ಕೇಡೋ, ಅಲ್ಲಿ ಪ್ರಮಾಣವೇ ಮುಖ್ಯ; ಅಡಿಪಾಯ, ಅಚ್ಚು, ಸರಪಳಿ, ವಿದ್ಯುತ್ತಿನ ತಂತಿ ಇವು ಆ ವರ್ಗದವು. ಯಾವುದನ್ನು ತಿದ್ದಲು ಬರುವುದೋ, ಯಾವುದರ ಸ್ವರೂಪವು ಬಳಸಿದ ಮೇಲೆಯೇ ತಿಳಿಯುವುದೋ, ಅಲ್ಲಿ ಪರಿಷ್ಕಾರವೇ ಮುಖ್ಯ. ಮಕ್ಕಳ ಪಾಠಕ್ರಮ, ಪ್ರಸಾದನಿಲಯದ ವ್ಯವಸ್ಥೆ, ನೀರನ್ನು ಹಂಚುವ ಸರದಿ ಇವು ಆ ವರ್ಗದವು. ಒಂದೇ ಕೆಲಸದಲ್ಲಿ ಎರಡು ವರ್ಗಗಳೂ ಕೂಡಿರುವುದೇ ಹೆಚ್ಚು. ತೇರಿನಲ್ಲಿ ಅಚ್ಚೂ ಸನ್ನೆಯೂ ಇರುವಂತೆ. ಯಾವುದು ಯಾವ ವರ್ಗಕ್ಕೆ ಸೇರಿದುದೆಂದು ಮೊದಲ ದಿನವೇ ಬೇರ್ಪಡಿಸಿಕೊಳ್ಳುವುದು ಕಾರ್ಯಕರ್ತನ ಮೊದಲನೆಯ ಧರ್ಮ.

ಈ ಸೀಮೆಯಲ್ಲಿ ಇದನ್ನು ಪ್ರಯೋಗಿಸಲು ಅವಕಾಶಗಳು ಬಹಳ. ಕೂಡ್ಲಿಗಿ ಸೀಮೆಯ ೭೪ ಕೆರೆಗಳಿಗೆ ತುಂಗಭದ್ರೆಯ ನೀರನ್ನು ತುಂಬಿಸುವ ಯೋಜನೆಯನ್ನೇ ನೋಡಬಹುದು. ಯಂತ್ರಗಳ ಬಲ, ಕೊಳವೆಯ ದಪ್ಪ ಇವು ಪ್ರಮಾಣದಿಂದ ನಿರ್ಣಯವಾಗತಕ್ಕವು. ಆದರೆ ನೀರು ಬಂದ ಮೇಲೆ ತೂಬನ್ನು ಎಂದು ಎತ್ತಬೇಕು, ಕೆರೆಯ ಕೆಳಗಿನ ಯಾವ ಹೊಲಕ್ಕೆ ಎಷ್ಟು ಸರದಿ, ಕೋಡಿ ಬಿದ್ದಾಗ ಕೆಳಗಿನ ಊರಿಗೆ ತಿಳಿಸುವವರಾರು ಎಂಬುದು ಕೆರೆಕೆರೆಗೂ ಬೇರೆ. ಮೊದಲು ತುಂಬಿದ ಕೆರೆಯಲ್ಲಿ ಆದ ತೊಡಕನ್ನು ಬರೆದಿಟ್ಟು ಎರಡನೆಯ ಕೆರೆಯವರಿಗೆ ಕೊಟ್ಟರೆ, ಎಪ್ಪತ್ತನಾಲ್ಕನೆಯ ಕೆರೆಯವರಿಗೆ ಎಪ್ಪತ್ತಮೂರು ಊರುಗಳ ಅನುಭವವು ದೊರೆಯುವುದು. ಹಡಗಲಿಯ ಮಲ್ಲಿಗೆಯ ತೋಟದವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಿಡಗಳ ಅಂತರವನ್ನು ಅವನು ನೆಡುವ ದಿನವೇ ಅಳೆಯುತ್ತಾನೆ, ನೆಟ್ಟ ಮೇಲೆ ಅದನ್ನು ಬದಲಿಸಲು ಬಾರದು. ಸವರುವ ಕೆಲಸವನ್ನು ಮಾತ್ರ ಹಿಂದಿನ ವರ್ಷದ ಚಿಗುರನ್ನೂ ಹೂವನ್ನೂ ನೋಡಿ ವರ್ಷವರ್ಷವೂ ಬೇರೆಬೇರೆಯಾಗಿ ಮಾಡುತ್ತಾನೆ.

ಮಹೋತ್ಸವದ ನೆನಪಿಗಾಗಿ ಹೊಸ ಕಟ್ಟಡಗಳನ್ನು ಎತ್ತಿಸುವ ಉತ್ಸಾಹವು ಭಕ್ತರಲ್ಲಿ ತುಂಬಿರುವ ಸಮಯವಿದು. ಆ ಉತ್ಸಾಹವು ಬಾಳಲಿ. ಅದರೊಡನೆ ಪ್ರತಿ ಊರಿನ ದೈವದವರೂ ಒಂದು ದಪ್ಪನೆಯ ಪುಸ್ತಕವನ್ನು ಕೊಳ್ಳಲಿ. ಅದರ ಮೊದಲ ಪುಟದಲ್ಲಿ ಆ ಕೆಲಸದ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧಗಳನ್ನು ಬರೆಯಲಿ. ಎರಡನೆಯ ಪುಟದಲ್ಲಿ, ತಪ್ಪಿದರೆ ತಿದ್ದಲಾಗದ ಭಾಗಗಳಾವುವೆಂದು ಬರೆದು ಬಲ್ಲವರ ರುಜು ಹಾಕಿಸಲಿ. ಉಳಿದ ಪುಟಗಳಲ್ಲಿ ತಿಂಗಳು ತಿಂಗಳೂ ಆದುದನ್ನೂ ತಿದ್ದಿದುದನ್ನೂ ಬರೆಯುತ್ತ ಹೋಗಲಿ. ಕೆಲಸವು ಮುಗಿದ ದಿನ ಆ ಪುಸ್ತಕವನ್ನು ಮುಚ್ಚಿಡದೆ, ಕೊನೆಯ ಪುಟಗಳನ್ನು ಬರಿದಾಗಿ ಉಳಿಸಿ, ವರ್ಷಕ್ಕೊಮ್ಮೆ ಅಚ್ಚನ್ನೂ ಸರಪಳಿಯನ್ನೂ ನೋಡಿಬಂದವನ ಹೆಸರನ್ನೂ ತಿಥಿಯನ್ನೂ ಅಲ್ಲಿ ಬರೆಸಲಿ. ಮುಂದಿನ ಮಹೋತ್ಸವಕ್ಕೆ ಬರುವ ಮಕ್ಕಳು ಕಟ್ಟಡವನ್ನು ನೋಡಿ ಹೊಗಳಿದ ಮೇಲೆ ಆ ಪುಸ್ತಕವನ್ನೂ ತೆರೆದು ಓದುವಂತಾಗಲಿ.